ಜೇಡನ ಹೆಸರು, ಸೀಸೆಯ ಚೀಟಿ: ಕಾಡುಜೇಡಗಳ ದಾಖಲಾತಿಯ ಚರಿತ್ರೆ – ಜಾನಪದದ ಕಡೆಯಿಂದ ಒಂದು ಅವಲೋಕನ

ಕನ್ನಡದಲ್ಲಿ ‘ಜೇಡ’ ಎಂಬ ಶಬ್ದ ಎರಡು ಜೀವಗಳಿಗೆ ಸಲ್ಲುತ್ತದೆ. ಮನೆಯ ಮೂಲೆಯಲ್ಲಿ ಬಲೆ ಹೆಣೆಯುವ ಎಂಟು ಕಾಲಿನ ಹುಳುವೂ ಜೇಡ, ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುವವನೂ ಜೇಡ. ವಚನಕಾರ ದಾಸಿಮಯ್ಯನನ್ನು ಜೇಡರ ದಾಸಿಮಯ್ಯನೆಂದು ಕರೆಯುವ ರೂಢಿಯಲ್ಲಿ ಈ ಎರಡನೆಯ ಅರ್ಥ ಇಂದಿಗೂ ಉಳಿದುಕೊಂಡಿದೆ. ‘ಸಾಲಿಗ’ ಎಂಬ ಮಾತಿನ ಕಥೆಯೂ ಇದೇ. ನೆರೆಯ ತೆಲುಗಿನಲ್ಲಿ ಜೇಡಕ್ಕೆ ‘ಸಾಲೆಪುರುಗು’ ಎನ್ನುತ್ತಾರೆ. ಅದೆಂದರೆ ನೇಕಾರ ಹುಳು. ಅಮರಕೋಶ ಜೇಡಕ್ಕೆ ಕೊಡುವ ಪರ್ಯಾಯಗಳಲ್ಲಿ ‘ತಂತುವಾಯ’ ಎಂಬುದೊಂದು, ಅದೂ ನೇಕಾರನೇ. ಜನರು ಈ ಜೀವಿಯನ್ನು ಗುರುತಿಸಿದ್ದು ಅದರ ಕಾಲುಗಳನ್ನು ಎಣಿಸಿಯಲ್ಲ, ಅದರ ಕಸುಬನ್ನು ಕಂಡು. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ‘ಜೇಡರಹುಳು’ ಎಂಬ ಪದವನ್ನು ತಪ್ಪೆಂದು ತಿದ್ದುವುದುಂಟು. ಜೇಡ ಕೀಟವಲ್ಲ, ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು ಎಂಬುದು ಅವರ ವಾದ. ಆದರೆ ಕನ್ನಡದ ‘ಹುಳು’ ಕೀಟಕ್ಕೆ ಸಮಾನಪದವಲ್ಲ. ಎರೆಹುಳು, ಜಂತುಹುಳು, ಚೇಳು ಎಲ್ಲವೂ ಆ ಮಾತಿನ ಒಳಗೆ ಬರುತ್ತವೆ. ತಿದ್ದುಪಡಿ ಇಲ್ಲಿ ಅನಗತ್ಯ.

ಪ್ರಸ್ತುತ ಲೇಖನದ ಉದ್ದೇಶ ಜೇಡಗಳ ವರ್ಗೀಕರಣವನ್ನು ವಿವರಿಸುವುದಲ್ಲ. ಆ ಅಧಿಕಾರ ಈ ಲೇಖಕನಿಗಿಲ್ಲ. ಕಾಡಿನಲ್ಲಿ ಬದುಕುವ ಜೇಡವೊಂದು ಹೆಸರು ಪಡೆದು, ಪುಸ್ತಕ ಸೇರಿ, ಒಂದು ಊರಿನ ಲೆಕ್ಕಕ್ಕೆ ಬರುವ ಕ್ರಮ ಹೇಗೆ ಬೆಳೆಯಿತು, ಆ ಕ್ರಮದಲ್ಲಿ ಏನು ದಾಖಲಾಯಿತು, ಏನು ದಾಖಲಾಗದೆ ಹೋಯಿತು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ನೋಡುವುದು ಇಲ್ಲಿನ ಪ್ರಯತ್ನ. ಹಾಡು ಕಥೆಗಳನ್ನು ಸಂಗ್ರಹಿಸುವವರಿಗೂ ಜೇಡಗಳನ್ನು ಸಂಗ್ರಹಿಸುವವರಿಗೂ ಸಮಾನವಾದ ಒಂದು ಕಷ್ಟವಿದೆ. ಎಲ್ಲಿ, ಯಾವಾಗ, ಯಾರಿಂದ ಎಂಬ ಮೂರು ಮಾತು ಜೊತೆಗಿಲ್ಲದಿದ್ದರೆ ಸಂಗ್ರಹ ನಿಷ್ಪ್ರಯೋಜಕ.

ಭಾರತದಲ್ಲಿ ಜೇಡಗಳನ್ನು ಬಗೆಬಗೆಯಾಗಿ ವಿಂಗಡಿಸಿದ ಹಳೆಯ ಬರಹ ವೈದ್ಯಗ್ರಂಥದಲ್ಲಿ ದೊರೆಯುತ್ತದೆ. ಸುಶ್ರುತಸಂಹಿತೆಯ ಕಲ್ಪಸ್ಥಾನದ ಎಂಟನೆಯ ಅಧ್ಯಾಯ ‘ಲೂತಾ’ ಎಂಬ ಹೆಸರಿನಲ್ಲಿ ಹದಿನಾರು ಬಗೆಯ ಜೇಡಗಳನ್ನು ಹೇಳುತ್ತದೆ. ಎಂಟು ಬಗೆಯ ವಿಷ ಕಷ್ಟಸಾಧ್ಯ, ಎಂಟು ಬಗೆಯದು ಅಸಾಧ್ಯ. ತ್ರಿಮಂಡಲಾ, ಶ್ವೇತಾ, ಕಪಿಲಾ, ಕೃಷ್ಣಾ, ಅಗ್ನಿವರ್ಣಾ, ಜಾಲಿನೀ ಮುಂತಾದ ಹೆಸರುಗಳಲ್ಲಿ ಬಣ್ಣ, ಮೈಮೇಲಿನ ಗುರುತು, ಬಲೆ ಇವು ಆಧಾರವಾಗಿವೆ. ಇದರ ಜೊತೆಗೆ ಒಂದು ಉತ್ಪತ್ತಿ ಕಥೆಯೂ ಇದೆ. ವಿಶ್ವಾಮಿತ್ರನ ಮೇಲೆ ಸಿಟ್ಟಾದ ವಸಿಷ್ಠನ ಹಣೆಯ ಬೆವರು ಕೊಯ್ದಿಟ್ಟ ಹುಲ್ಲಿನ ಮೇಲೆ ಬಿದ್ದು ಲೂತೆಗಳು ಹುಟ್ಟಿದವಂತೆ. ‘ಲೂನ’ ಎಂದರೆ ಕೊಯ್ದದ್ದು, ಅದರಿಂದ ‘ಲೂತಾ’. ಜನಪದ ನಿರುಕ್ತಿಯ ಲಕ್ಷಣ ಇದರಲ್ಲಿ ಸ್ಪಷ್ಟವಾಗಿದೆ.

ಈ ಅಧ್ಯಾಯದ ಇನ್ನೊಂದು ಅಂಶ ನಮ್ಮ ಹಳ್ಳಿಗಳ ಮಾತಿಗೆ ನೇರವಾಗಿ ತಾಗುತ್ತದೆ. ಜೇಡದ ವಿಷ ಕಡಿತದಿಂದ ಮಾತ್ರವಲ್ಲದೆ ಜೊಲ್ಲು, ಉಗುರು, ಮೂತ್ರ ಮುಂತಾದವುಗಳಿಂದಲೂ ಹರಡುತ್ತದೆ ಎಂದು ಸುಶ್ರುತಸಂಹಿತೆ ಹೇಳುತ್ತದೆ. ಮಲಗಿ ಎದ್ದಾಗ ಕತ್ತಿನ ಮೇಲೆ ಉರಿಯುವ ಗುಳ್ಳೆಗಳ ಸಾಲು ಕಂಡರೆ ‘ಜೇಡ ಉಚ್ಚೆ ಹೊಯ್ದಿದೆ’ ಎನ್ನುವುದನ್ನು ನಾವೂ ಕೇಳಿದ್ದೇವೆ. ಚರ್ಮವೈದ್ಯರು ಈಚಿನ ದಶಕಗಳಲ್ಲಿ ಇಂಥ ಗುಳ್ಳೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ಪೆಡೆರಸ್ ಎಂಬ ಸಣ್ಣ ಜೀರುಂಡೆಯಿಂದ ಆದವು ಎಂದು ತೋರಿಸಿದ್ದಾರೆ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಕಪ್ಪು ಕಿತ್ತಳೆ ಪಟ್ಟೆಯ ಈ ಹುಳು ಮೈಮೇಲೆ ಅರೆದುಹೋದರೆ ಅದರ ರಸ ಚರ್ಮವನ್ನು ಸುಡುತ್ತದೆ. ರೋಗದ ಲಕ್ಷಣ, ಕಾಲ, ಗುಳ್ಳೆಯ ಆಕಾರ ಎಲ್ಲವನ್ನೂ ಜನ ಸರಿಯಾಗಿ ಗುರುತಿಟ್ಟಿದ್ದರು. ಆರೋಪಿಯನ್ನು ಗುರುತಿಸುವುದರಲ್ಲಿ ಮಾತ್ರ ತಪ್ಪಿದರು. ಜನಪದ ಜ್ಞಾನವನ್ನು ಇಡಿಯಾಗಿ ಒಪ್ಪುವವರೂ ಇಡಿಯಾಗಿ ತಳ್ಳುವವರೂ ಈ ಉದಾಹರಣೆಯನ್ನು ಗಮನಿಸಬೇಕು.

ಆಧುನಿಕ ನಾಮಕರಣದ ಚರಿತ್ರೆಯಲ್ಲಿ ಜೇಡಕ್ಕೆ ಒಂದು ವಿಚಿತ್ರ ಹೆಚ್ಚುಗಾರಿಕೆ ಇದೆ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳೆಲ್ಲ ಲಿನೇಯಸ್‌ನ ೧೭೫೮ರ ಗ್ರಂಥದಿಂದ ಲೆಕ್ಕಕ್ಕೆ ಬರುತ್ತವೆ; ಅದಕ್ಕೂ ಹಿಂದಿನವು ಸಲ್ಲುವುದಿಲ್ಲ. ಇದಕ್ಕಿರುವ ಅಪವಾದ, ಸ್ವೀಡನ್ನಿನ ಕಾರ್ಲ್ ಕ್ಲರ್ಕ್ ಎಂಬಾತ ೧೭೫೭ರಲ್ಲಿ ಪ್ರಕಟಿಸಿದ ಅಲ್ಲಿನ ಜೇಡಗಳ ಪುಸ್ತಕ. ನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಅದನ್ನು ೧೭೫೮ರ ಜನವರಿ ೧ರಂದು ಪ್ರಕಟವಾದದ್ದೆಂದು ಭಾವಿಸಿ ಮಾನ್ಯ ಮಾಡಿದೆ. ಕ್ಲರ್ಕ್ ವೃತ್ತಿಯಿಂದ ಸ್ಟಾಕ್‌ಹೋಮಿನ ತೆರಿಗೆ ಇಲಾಖೆಯ ನೌಕರ. ಜೇಡಗಳ ಅಧ್ಯಯನ ಮೊದಲಿನಿಂದಲೂ ಬೇರೆ ಕೆಲಸದ ನಡುವೆ ಬಿಡುವು ಮಾಡಿಕೊಂಡವರ ಕೈಯಲ್ಲಿ ಬೆಳೆದದ್ದು ಎಂಬುದಕ್ಕೆ ಈತ ಸಾಕ್ಷಿ.

ಭಾರತದಲ್ಲಿಯೂ ಹಾಗೆಯೇ ಆಯಿತು. ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ಸ್ಟೊಲಿಕ್ಜ್ಕಾ ೧೮೬೯ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಜೇಡವರ್ಗದ ಜೀವಿಗಳ ಬಗ್ಗೆ ಬರೆದ. ೧೮೮೩ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲೊಬ್ಬನಾದ ಇ. ಎಚ್. ಐಟ್ಕೆನ್ ಸುಂಕ ಮತ್ತು ಉಪ್ಪಿನ ಇಲಾಖೆಯವನು, ಕಾರವಾರದಲ್ಲಿ ಕೆಲಸ ಮಾಡಿದವನು. ಅದೇ ಊರಿನಲ್ಲಿ ನೆಲೆಸಿದ ಟಿ. ಆರ್. ಡಿ. ಬೆಲ್ ಅರಣ್ಯಾಧಿಕಾರಿ. ಹೀಗೆ ಅಧಿಕಾರಿಗಳು ಹವ್ಯಾಸಕ್ಕಾಗಿ ಹುಳುಹುಪ್ಪಟೆ ಸಂಗ್ರಹಿಸಿ ಮುಂಬಯಿಗೆ, ಲಂಡನ್ನಿಗೆ ಕಳುಹಿಸುತ್ತಿದ್ದ ಕಾಲದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಆರ್. ಐ. ಪೊಕಾಕ್ (೧೮೬೩–೧೯೪೭) ಭಾರತದ ಜೇಡ, ಚೇಳುಗಳ ಬಗ್ಗೆ ಬರೆಯತೊಡಗಿದ. ‘ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತು’ ಮಾಲೆಯಲ್ಲಿ ೧೯೦೦ರಲ್ಲಿ ಹೊರಬಂದ ಅವನ ಸಂಪುಟ ಇಂದಿಗೂ ಈ ಕ್ಷೇತ್ರದ ಮೊದಲ ಮೆಟ್ಟಿಲು.

ಕರಾವಳಿಯ ಒಂದು ಜೇಡವನ್ನು ನೋಡೋಣ. ಬದುವಿನ ಮಣ್ಣಿನಲ್ಲಿ ಬಿಲ ತೋಡಿ, ಅದರ ಬಾಯಿಗೆ ರೇಷ್ಮೆಯ ಒಳಪದರ ಹಾಸಿ ಕೂರುವ ದೊಡ್ಡ ಜೇಡಕ್ಕೆ ಪೊಕಾಕ್ ೧೮೯೯ರಲ್ಲಿ ಥ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಟ್ರುಕ್ಯುಲೆಂಟಸ್’ ಎಂದರೆ ಉಗ್ರಸ್ವಭಾವದ್ದು. ಮದ್ಯಸಾರದ ಸೀಸೆಯಲ್ಲಿ ಕಾಲು ಮಡಚಿ ಬಿದ್ದ ಜೀವಕ್ಕೆ ಈ ವಿಶೇಷಣ ಎಲ್ಲಿಂದ ಬಂತು? ಹಿಡಿದವನು ಪತ್ರದಲ್ಲಿ ಏನಾದರೂ ಬರೆದಿರಬಹುದು. ಅವನಿಗೆ ಬಿಲ ತೋರಿಸಿದವರು ಹೇಳಿದ್ದೂ ಇರಬಹುದು. ಇದು ಊಹೆ ಮಾತ್ರ. ನೂರಹತ್ತು ವರ್ಷಗಳ ಮೇಲೆ, ೨೦೦೯ರಲ್ಲಿ, ಮಂಜು ಸಿಲಿವಾಲ್ ಮತ್ತು ಸಂಜಯ್ ಮೊಲೂರ್ ಈ ಜೇಡವನ್ನು ಮರಳಿ ವಿವರಿಸಿ, ಅದರ ನೆಲೆ ಮತ್ತು ಸ್ಥಿತಿಯನ್ನು ದಾಖಲಿಸಿದಾಗ ಅದಕ್ಕೆ ಕಾರವಾರದ ಹೆಸರು ಸೇರಿದ ಒಂದು ಸಾಮಾನ್ಯ ನಾಮ ಬಂತು, ಅದೂ ಇಂಗ್ಲಿಷಿನಲ್ಲಿ.

ಜೇಡವೊಂದನ್ನು ‘ಇದೇ’ ಎಂದು ಹೇಳುವುದು ಎಷ್ಟು ಕಷ್ಟ ಎಂಬುದನ್ನು ಓದುಗರು ಇಲ್ಲಿ ತಿಳಿಯಬೇಕು. ಕುಟುಂಬದ ಮಟ್ಟಕ್ಕೆ ಬರಲು ಕಣ್ಣುಗಳ ಜೋಡಣೆ ಬಹಳ ನೆರವಾಗುತ್ತದೆ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು. ಜಿಗಿಯುವ ಜೇಡಕ್ಕೆ ಮುಂದಿನ ನಡುವಣ ಜೋಡಿ ದೀಪದಂತೆ ದೊಡ್ಡದು, ನೆಲದಲ್ಲಿ ಓಡಿ ಬೇಟೆಯಾಡುವ ತೋಳಜೇಡಕ್ಕೆ ಮುಂದೆ ನಾಲ್ಕು ಸಣ್ಣ ಕಣ್ಣುಗಳ ಒಂದು ಸಾಲು, ಅದರ ಹಿಂದೆ ದೊಡ್ಡವು. ಪ್ರಭೇದದ ಮಟ್ಟಕ್ಕೆ ಇಳಿದರೆ ಇದು ಸಾಲದು. ಬೆಳೆದ ಗಂಡಿನ ಮುಖದ ಬಳಿ ಇರುವ ಸ್ಪರ್ಶಾಂಗದ ತುದಿಯನ್ನು, ಹೆಣ್ಣಿನ ಹೊಟ್ಟೆಯಡಿಯ ಜನನಾಂಗದ ಫಲಕವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿತ್ರ ಬರೆದು, ಹಳೆಯ ಮೂಲಮಾದರಿಯೊಡನೆ ಹೋಲಿಸಬೇಕು. ಮರಿಯಾಗಿದ್ದರೆ ಸಾಮಾನ್ಯವಾಗಿ ಕೈಬಿಡಬೇಕು. ಗಂಡೂ ಹೆಣ್ಣೂ ನೋಟಕ್ಕೆ ಬೇರೆ ಬೇರೆ ಜೀವಿಗಳಂತೆ ಇರುವುದರಿಂದ ಒಂದೇ ಪ್ರಭೇದಕ್ಕೆ ಎರಡು ಹೆಸರು ಬಿದ್ದ ಪ್ರಸಂಗಗಳೂ ಉಂಟು. ಮದ್ಯಸಾರದಲ್ಲಿ ಬಣ್ಣ ಮಾಸುತ್ತದೆ, ಬಲೆ ಉಳಿಯುವುದಿಲ್ಲ, ನಡೆ ಉಳಿಯುವುದಿಲ್ಲ. ನಮ್ಮ ಜನ ಯಾವುದನ್ನು ಕಂಡು ಹೆಸರಿಟ್ಟರೋ ಅದೆಲ್ಲ ಸೀಸೆಯ ಹೊರಗೇ ನಿಲ್ಲುತ್ತದೆ. ಅದು ಒಳಗೆ ಬರಲು ಇರುವ ದಾರಿ ಒಂದೇ, ಸೀಸೆಯೊಳಗೆ ಹಾಕುವ ಚೀಟಿ.

ಚೀಟಿಯ ಮಹತ್ವಕ್ಕೆ ಗುತ್ತಿಯ ಜೇಡಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಬಳ್ಳಾರಿಯ ಪಕ್ಕದ ಅನಂತಪುರ ಸೀಮೆಯ ಗುತ್ತಿ, ತನ್ನ ಕೋಟೆಯಿಂದ ಕನ್ನಡ ಚರಿತ್ರೆಯ ಓದುಗರಿಗೆ ಪರಿಚಿತ ಊರು. ಅಲ್ಲಿನ ರೈಲ್ವೆಯ ಮರದ ದಾಸ್ತಾನಿನಲ್ಲಿ ಸಿಕ್ಕ ಒಂದೇ ಒಂದು ಮಾದರಿಯನ್ನು ಆಧರಿಸಿ ಪೊಕಾಕ್ ೧೮೯೯ರಲ್ಲಿ ಪೊಯಿಸಿಲೋಥೀರಿಯ ಮೆಟಾಲಿಕಾ ಎಂಬ ಪ್ರಭೇದವನ್ನು ಪ್ರಕಟಿಸಿದ. ಲೋಹದ ಹೊಳಪಿನ ನೀಲಿ ಮೈಯ, ಮರದ ಪೊಟರೆಯಲ್ಲಿ ಬದುಕುವ ದೊಡ್ಡ ಜೇಡವಿದು. ಚೀಟಿಯಲ್ಲಿ ಗುತ್ತಿ ಎಂದಿತ್ತು. ಆಮೇಲೆ ಹುಡುಕಿದವರಿಗೆ ಗುತ್ತಿಯ ಸುತ್ತ ಅದು ಕಾಣಲಿಲ್ಲ. ಶತಮಾನ ಕಳೆದು ೨೦೦೧ರಲ್ಲಿ ಅದು ಮತ್ತೆ ಕಂಡದ್ದು ಪೂರ್ವಘಟ್ಟದ ನಂದ್ಯಾಲ–ಗಿದ್ದಲೂರು ನಡುವಣ ಕಾಡಿನಲ್ಲಿ. ಆ ಕಾಡಿನ ಮೂಲಕ ರೈಲುದಾರಿ ಹಾದುಹೋಗುತ್ತದೆ. ಕಡಿದ ಮರದ ದಿಮ್ಮಿಯ ಜೊತೆ ಜೇಡ ಗುತ್ತಿಗೆ ಪ್ರಯಾಣ ಮಾಡಿತ್ತೆಂದು ವಿದ್ವಾಂಸರು ತಿಳಿಯುತ್ತಾರೆ. ಚೀಟಿ ಬರೆದವನು ಸುಳ್ಳು ಬರೆಯಲಿಲ್ಲ. ಜೇಡ ಸಿಕ್ಕಿದ್ದು ಗುತ್ತಿಯಲ್ಲೇ. ಆದರೆ ಮರ ಎಲ್ಲಿಂದ ಬಂತೆಂದು ದಿಮ್ಮಿ ಹೊತ್ತ ಕೂಲಿಯವನನ್ನು ಕೇಳಿ ಇನ್ನೊಂದು ಸಾಲು ಬರೆದಿದ್ದರೆ ನೂರು ವರ್ಷದ ಹುಡುಕಾಟ ಉಳಿಯುತ್ತಿತ್ತೇನೋ.

ಈ ಕಥೆಗೆ ಕಹಿಯಾದ ಮುಂದಿನ ಭಾಗವಿದೆ. ನೆಲೆ ತಿಳಿದದ್ದೇ ತಡ, ಹೊರದೇಶಗಳಲ್ಲಿ ಜೇಡಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಹವ್ಯಾಸಿಗಳ ಕಣ್ಣು ಇದರ ಮೇಲೆ ಬಿತ್ತು. ೨೦೦೮ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿ ಇದನ್ನು ಅತ್ಯಂತ ಅಪಾಯದಲ್ಲಿರುವ ಪ್ರಭೇದವೆಂದು ಸಾರಿತು. ಅದರ ನೆಲೆ ನೂರು ಚದರ ಕಿಲೋಮೀಟರಿಗೂ ಕಡಿಮೆ ಎಂದು ಅಂದಾಜು ಮಾಡಲಾಗಿತ್ತು. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಈ ಕುಲವನ್ನು ಸೇರಿಸಿದ್ದು ೨೦೧೯ರಲ್ಲಿ. ಹಾಗಾದರೆ ದಾಖಲಿಸುವುದು ಒಳಿತೋ, ಬಚ್ಚಿಡುವುದು ಒಳಿತೋ? ಔಷಧಿ ಗಿಡದ ಗುರುತು ಹೇಳಲು ಹಿಂಜರಿಯುವ ನಾಟಿವೈದ್ಯರನ್ನು ನಾವು ಜಾನಪದ ಸಂಗ್ರಾಹಕರು ಹಲವು ಸಲ ‘ಸಂಕುಚಿತರು’ ಎಂದು ಬರೆದಿದ್ದೇವೆ. ಗುತ್ತಿಯ ಜೇಡದ ಕಥೆ ತಿಳಿದ ಮೇಲೆ ಆ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ನನಗನ್ನಿಸಿದೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಕೆಲಸಗಾರರಲ್ಲಿ ಎಫ್. ಎಚ್. ಗ್ರೇವ್ಲಿ ಮುಖ್ಯನು, ಭಾರತದ ಬಿಲಜೇಡಗಳ ಮೇಲೆ ೧೯೧೫ರಲ್ಲಿಯೂ ೧೯೩೫ರಲ್ಲಿಯೂ ಬರೆದ, ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನೂ ಆಗಿದ್ದ. ಆದರೆ ನನ್ನ ಗಮನ ಸೆಳೆದವರು ಇನ್ನೊಬ್ಬರು. ಮದರಾಸಿನ ಸೈದಾಪೇಟೆಯಲ್ಲಿದ್ದ ಎನ್. ಎಸ್. ಜಂಬುನಾಥನ್ ಎಂಬುವರು ಗುಂಪಾಗಿ ಬದುಕುವ ಜೇಡವೊಂದರ ದಿನಚರಿಯನ್ನು ಕುರಿತು ಬರೆದ ಲೇಖನ ೧೯೦೫ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮಾಲೆಯಲ್ಲಿ ಅಚ್ಚಾಯಿತು. ಸ್ಟೆಗೋಡೈಫಸ್ ಸಾರಾಸಿನೋರಮ್ ಎಂಬ ಈ ಜೇಡ ನಮ್ಮ ಬಯಲುಸೀಮೆಗೂ ಹೊಸದಲ್ಲ. ಮುಳ್ಳುಬೇಲಿಯ ಮೇಲೆ ಕಸಕಡ್ಡಿ ಸೇರಿಸಿ ಕಟ್ಟಿದ ಗೂಡು, ಅದರ ಸುತ್ತ ಹರಡಿದ ಬಲೆ, ಒಳಗೆ ಒಟ್ಟಿಗೆ ಬದುಕಿ ಒಟ್ಟಿಗೆ ಬೇಟೆ ಕೊಲ್ಲುವ ನೂರಾರು ಜೇಡಗಳು. ಲಂಡನ್ನಿನಲ್ಲಿ ಕುಳಿತವರು ಅಂಗಾಂಗ ಅಳೆಯುತ್ತಿದ್ದಾಗ ಇಲ್ಲಿನವರೊಬ್ಬರು ಬೇಲಿಯ ಬಳಿ ಕಾದು ನಿಂತು ಅದರ ಬಾಳನ್ನು ಬರೆದರು.

ಸ್ವಾತಂತ್ರ್ಯದ ನಂತರ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಬಿ. ಕೆ. ಟಿಕಾದಾರ್ ಈ ಕೆಲಸವನ್ನು ದೇಶೀಯವಾಗಿ ನೆಲೆಗೊಳಿಸಿದರು. ೧೯೮೦ ಮತ್ತು ೧೯೮೨ರ ಸಂಪುಟಗಳು, ೧೯೮೭ರ ಕೈಪಿಡಿ ಕಾಲೇಜು ಅಧ್ಯಾಪಕರ ಕೈಗೂ ಜೇಡವಿದ್ಯೆಯನ್ನು ತಲುಪಿಸಿದವು. ೨೦೦೫ರಲ್ಲಿ ಸಿಲಿವಾಲ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಪಟ್ಟಿಯಲ್ಲಿ ಭಾರತದ ೫೯ ಕುಟುಂಬ, ೩೬೧ ಕುಲಗಳ ೧,೪೪೨ ಪ್ರಭೇದಗಳಿದ್ದವು. ೨೦೧೨ರ ಇನ್ನೊಂದು ಪಟ್ಟಿಯಲ್ಲಿ ಈ ಸಂಖ್ಯೆ ೧,೬೮೬. ಜಗತ್ತಿನ ಜೇಡಗಳ ಒಟ್ಟು ಲೆಕ್ಕವಿಡುವ ವಿಶ್ವಸೂಚಿ ೨೦೨೨ರಲ್ಲಿ ಐವತ್ತು ಸಾವಿರದ ಗಡಿ ದಾಟಿತು. ಈ ಪಟ್ಟಿಗಳ ಅಚ್ಚುಕಟ್ಟು ಮೆಚ್ಚತಕ್ಕದ್ದು. ಹೆಸರಿಟ್ಟವನು, ವರ್ಷ, ಮೊದಲು ಸಿಕ್ಕ ಸ್ಥಳ, ಹೆಸರು ಬದಲಾದ ಇತಿಹಾಸ ಇವೆಲ್ಲ ಇಂಥ ದಾಖಲೆಗಳಿಂದ ತಿಳಿಯುತ್ತವೆ. ಸ್ಥಳೀಯರು ಅದನ್ನು ಏನೆನ್ನುತ್ತಾರೆ ಎಂಬುದಕ್ಕೆ ಮಾತ್ರ ಅಂಕಣವಿಲ್ಲ.

ಈ ಕೊರತೆಯನ್ನು ನಾನು ಬೇರೆಯವರ ಮೇಲೆ ಹೊರಿಸುವಂತಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಡಾಕ್ಟರೇಟ್ ಪದವಿಗಾಗಿ ಸೊರಬ, ಸಾಗರ ಸೀಮೆಯ ಕಾನುಗಳ ದೈವಾಚರಣೆಯನ್ನು ಅಧ್ಯಯನ ಮಾಡುತ್ತಿದ್ದೆ. ಕಾನು ಎಂದರೆ ಬರಿಯ ಕಾಡಲ್ಲ. ಮೆಣಸು, ಬಗನಿ, ದಾಲ್ಚಿನ್ನಿ, ನೀರಿನ ಒರತೆಗಳಿಗಾಗಿ ಊರವರು ಕಾಪಾಡಿಕೊಂಡು ಬಂದ, ಚೌಡಿ ಭೂತಪ್ಪಗಳ ನೆಲೆಯಾದ ದಟ್ಟ ಹಸಿರುಕಾಡು. ೧೮೬೮ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಬಗ್ಗೆ ಸರ್ಕಾರಕ್ಕೆ ವರದಿ ಬರೆದಿದ್ದರು. ಒಂದು ಸಂಜೆ ವಯಸ್ಸಾದ ತಾಯಿಯೊಬ್ಬರು ಚೌಡಿಕಟ್ಟೆಯ ದಾರಿಯಲ್ಲಿ ನಡೆಯುತ್ತ ಮೂರು ಜೇಡಗಳನ್ನು ತೋರಿಸಿದರು. ಒಂದು ದಾರಿಗಡ್ಡವಾಗಿ ಹಳದಿ ನೂಲಿನ ದೊಡ್ಡ ಬಲೆ ಕಟ್ಟಿದ್ದು, ಒಂದು ಒಣ ಎಲೆಯಂತೆ ಕಡ್ಡಿಗೆ ಅಂಟಿ ಕೂತದ್ದು, ಒಂದು ದರೆಯ ಬಿಲದಲ್ಲಿದ್ದದ್ದು. ನಾನು ‘ಇವೆಲ್ಲ ಜೇಡವೇ ಅಲ್ಲವೇನಮ್ಮ’ ಎಂದೆ. ‘ಎಲ್ಲಾ ಒಂದೇ ಆದ್ರೆ ಬೇರೆ ಬೇರೆ ಹೆಸ್ರು ಯಾಕ್ ಇಡ್ತಿದ್ರು ಮಗಾ? ಮೊದ್ಲು ಅದ್ರ ಮನೆ ನೋಡು’ ಎಂದರು, ಮೂರಕ್ಕೂ ಮೂರು ಹೆಸರು ಹೇಳಿದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಪುಟ ಹೀಗಿದೆ: ‘ಜೇಡ, ಮೂರು ಬಗೆ, ಹೆಸರು ನಂತರ ಕೇಳುವುದು.’ ಅಂದು ನನಗೆ ಬೇಕಾಗಿದ್ದದ್ದು ಚೌಡಿಯ ಹಾಡು. ಹಾಡಿನ ಹದಿನೆಂಟು ಪುಟ ಬರೆದುಕೊಂಡೆ, ಧ್ವನಿಸುರುಳಿಯನ್ನೂ ಹಾಡಿಗಷ್ಟೇ ಓಡಿಸಿದೆ.

೨೦೧೬ರಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಶಿವಮೊಗ್ಗ ಜಿಲ್ಲೆಯ ‘ಕಾನ್ಸ್’ ಅರಣ್ಯದಲ್ಲಿ ಒಣ ಎಲೆಯನ್ನು ಹೋಲುವ ಹೊಸ ಜೇಡ ಪತ್ತೆಯಾಗಿದೆ ಎಂದು. ಜಾವೇದ್ ಅಹಮದ್, ರಾಜಶ್ರೀ ಖಲಪ್, ಸುಮುಖ ಜೆ. ಎನ್. ಅದಕ್ಕೆ ಎರಿಯೋವಿಕ್ಸಿಯ ಗ್ರಿಫಿಂಡೋರಿ ಎಂದು ಹೆಸರಿಟ್ಟಿದ್ದರು. ಹೊಟ್ಟೆಯ ಭಾಗ ಮೇಲಕ್ಕೆ ಚೂಪಾಗಿ ಬಾಗಿ, ಹ್ಯಾರಿ ಪಾಟರ್ ಕಥೆಗಳಲ್ಲಿ ಬರುವ ಮಾತಾಡುವ ಟೋಪಿಯಂತೆ ಕಾಣುತ್ತದೆ. ಟೋಪಿಯ ಒಡೆಯನ ಹೆಸರು ಜೇಡಕ್ಕೆ ಬಂತು. ನಮ್ಮ ‘ಕಾನು’ ಇಂಗ್ಲಿಷಿನ ಬಹುವಚನ ಹಚ್ಚಿಕೊಂಡು ‘ಕಾನ್ಸ್’ ಆಗಿ ಕನ್ನಡ ಪತ್ರಿಕೆಗೆ ಮರಳಿ ಬಂದದ್ದನ್ನು ಕಂಡು ನಗು ಬಂತು. ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಹುಡುಕಿ, ಅಳೆದು, ವಿವರಿಸಿದವರಿಗೆ ಹೆಸರಿಡುವ ಹಕ್ಕುಂಟು. ಆ ಚೆಲುವಾದ ಹೋಲಿಕೆ ಕಾನಿನ ಕಡೆಗೆ ಎಷ್ಟೋ ಮಕ್ಕಳ ಗಮನವನ್ನೂ ತಿರುಗಿಸಿರಬಹುದು. ಆದರೆ ಚಿತ್ರ ನೋಡಿದ ಕ್ಷಣ ನನ್ನ ಟಿಪ್ಪಣಿ ಪುಸ್ತಕ ನೆನಪಾಯಿತು. ಆ ತಾಯಿ ತೋರಿಸಿದ ಒಣ ಎಲೆಯಂಥ ಜೇಡ ಇದೇ ಪ್ರಭೇದವೆಂದು ನಾನು ಹೇಳಲಾರೆ. ಹಾಗೆ ಹೇಳಲು ಮಾದರಿ ಬೇಕು, ಸೂಕ್ಷ್ಮದರ್ಶಕ ಬೇಕು. ಹೇಳಬಹುದಾದದ್ದು ಇಷ್ಟೇ: ಅಂಥ ರೂಪದ ಜೇಡವೊಂದಕ್ಕೆ ಆ ಊರಿನಲ್ಲಿ ಹೆಸರಿತ್ತು, ಅದನ್ನು ಕೇಳಿಸಿಕೊಂಡವನು ಬರೆದುಕೊಳ್ಳಲಿಲ್ಲ.

ಹೆಸರಿಡುವವರು ನೆಲದ ಮಾತಿಗೆ ಕಿವಿಗೊಟ್ಟ ಉದಾಹರಣೆಯೂ ಈಚೆಗೆ ದೊರಕಿದೆ. ೨೦೨೪ರಲ್ಲಿ ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್, ಕೃಷ್ಣಮೇಘ ಕುಂಟೆ ದಕ್ಷಿಣ ಭಾರತದ ಜಿಗಿಯುವ ಜೇಡಗಳ ಹೊಸ ಕುಲವೊಂದನ್ನು ಪ್ರಕಟಿಸಿ ಅದನ್ನು ‘ತೆಂಕಣ’ ಎಂದು ಕರೆದರು. ಪಂಪನನ್ನು ಓದಿದವರಿಗೆ ಈ ಪದ ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ಕರ್ನಾಟಕದ ಒಂದು ಹೊಸ ಪ್ರಭೇದಕ್ಕೆ, ದೇವರಾಯನದುರ್ಗದಲ್ಲಿ ಹುಟ್ಟುವ ನದಿಯ ನೆನಪಿಗಾಗಿ, ‘ಜಯಮಂಗಲಿ’ ಎಂಬ ಹೆಸರು. ಹಳಗನ್ನಡದ ದಿಕ್ಸೂಚಕ ಪದ ಜಗತ್ತಿನ ಜೇಡಗಳ ಸೂಚಿಯಲ್ಲಿ ಇನ್ನು ಶಾಶ್ವತ. ಆದರೂ ಇದು ವಿದ್ವಾಂಸರು ಕೊಟ್ಟ ಕನ್ನಡ ಹೆಸರು, ಜನ ಕೊಟ್ಟದ್ದಲ್ಲ. ಎರಡೂ ಬೇರೆ ಬೇರೆ ದಾಖಲೆಗಳು. ಒಂದರಿಂದ ಇನ್ನೊಂದರ ಜಾಗ ತುಂಬುವುದಿಲ್ಲ.

ಕಳೆದ ಮಳೆಗಾಲದ ಕೊನೆಗೆ ಆ ಊರಿಗೆ ಮತ್ತೆ ಹೋಗಿದ್ದೆ. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಸೊಸೆ ನನ್ನನ್ನು ಅದೇ ದಾರಿಯಲ್ಲಿ ಕರೆದುಕೊಂಡು ಹೋದರು. ದಾರಿ ಅಗಲ ಮಾಡುವಾಗ ದರೆಯನ್ನು ಯಂತ್ರದಿಂದ ಕಡಿದಿದ್ದರು. ಬಿಲಗಳಿದ್ದ ಜಾಗ ಅವರಿಗೆ ಗೊತ್ತಿತ್ತು, ಬಿಲದ ಬಾಯಿಗೆ ಹುಲ್ಲುಕಡ್ಡಿ ಹಾಕಿ ಜೇಡವನ್ನು ಹೊರಗೆಳೆಯುವ ಮಕ್ಕಳ ಆಟವೂ ನೆನಪಿತ್ತು, ಹೆಸರು ನೆನಪಿರಲಿಲ್ಲ. ‘ಅತ್ತೆ ಏನೋ ಅಂತಿದ್ರು’ ಎಂದು ಸುಮ್ಮನಾದರು. ಮುಂದಿನ ಊರಿನಲ್ಲಿ ಅತ್ತೆಯ ತಂಗಿ ಇದ್ದಾರೆ, ಅವರಿಗೆ ಗೊತ್ತಿರಬಹುದೆಂದು ಆಮೇಲೆ ಹೇಳಿದರು. ಅವರಿಗೆ ಎಂಬತ್ತು ದಾಟಿದೆ. ಈ ಬಾರಿ ಟಿಪ್ಪಣಿ ಪುಸ್ತಕದಲ್ಲಿ ಸ್ಥಳ, ದಿನಾಂಕ, ದರೆಯೋ ಮರವೋ, ಬಲೆಯ ಬಗೆ, ಹೇಳಿದವರು ಎಂದು ಗೆರೆ ಎಳೆದು, ಹೆಸರಿಗೆ ಒಂದು ಸಾಲು ಬಿಟ್ಟು, ಮರುದಿನ ಬೆಳಗಿನ ಬಸ್ಸಿಗೆ ಆ ಊರಿಗೆ ಹೊರಟೆ.